ಬಾಗಿದಾಗ ನೋವಿಲ್ಲ

ಆರ್ಡೆತ್ ಕೇಟ್ಸ್ ಬಾಗಿ ನಿಂತಿದ್ದಾಗ ಅವಳನ್ನು ನೋಡಿದ ಯಾರಿಗೂ ಅವಳಿಗೊಂದು ಕಾಯಿಲೆಯಿದೆ ಎಂದು ಅನಿಸುತ್ತಿರಲಿಲ್ಲ. ಹ್ಯಾಡ್ಲಿ ಕೊಲ್ಲಿಯಲ್ಲಿ ಕಡಲು ಇಳಿದಾಗ ಬಯಲಾಗುವ ಕೆಸರಿನಲ್ಲಿ ನಲವತ್ತೆಂಟು ವರ್ಷ ಕಪ್ಪೆಚಿಪ್ಪು ಕೆದಕಿದವಳು ಅವಳು. ಹನ್ನೊಂದನೆಯ ವಯಸ್ಸಿಗೆ ಅಪ್ಪನ ಹಿಂದೆ ಇಳಿದಳು, ಐವತ್ತೊಂಬತ್ತಾದರೂ ಬಿಟ್ಟಿರಲಿಲ್ಲ. ಕೈಯಲ್ಲಿ ಗಿಡ್ಡ ಹಿಡಿಯ ನಾಲ್ಕು ಹಲ್ಲಿನ ಗುದ್ದಲಿ, ತೊಡೆಯವರೆಗೆ ರಬ್ಬರ್ ಬೂಟು, ಪಕ್ಕದಲ್ಲಿ ಬುಟ್ಟಿ ಹೇರಿ ಕೆಸರಿನ ಮೇಲೆ ಎಳೆಯುವ ಜಾರುಬಂಡಿ. ಕಾಲು ಅಗಲಿಸಿ, ಸೊಂಟದಿಂದ ದೇಹವನ್ನು ಮಡಿಸಿ, ತಲೆಯನ್ನು ಮೊಣಕಾಲ ಮಟ್ಟಕ್ಕೆ ಇಳಿಸಿದರೆ ಸಮುದ್ರ ಮತ್ತೆ ಏರಿ ಬರುವವರೆಗೆ ಅದೇ ಭಂಗಿ. ಉಳಿದವರು ನಡುನಡುವೆ ಎದ್ದು, ಸೊಂಟಕ್ಕೆ ಕೈಯಿಟ್ಟು, ಆಕಾಶಕ್ಕೆ ಮುಖವೆತ್ತಿ ನರಳುತ್ತಿದ್ದರು. ಆರ್ಡೆತ್ ಏಳುತ್ತಿರಲಿಲ್ಲ.

"ಆರ್ಡಿ ಬೆನ್ನು ಉಕ್ಕಿಂದು ಕಣ್ರೋ" ಎಂದು ಗಂಡಸರು ಹೊಗಳುತ್ತಿದ್ದರು.

ಅವಳು ಏಳದಿದ್ದುದು ಹೆದರಿಕೆಯಿಂದ.

ಎದ್ದರೆ ಏನಾಗುತ್ತದೆಂದು ಅವಳೊಬ್ಬಳಿಗೇ ಗೊತ್ತಿತ್ತು. ನೆಟ್ಟಗೆ ನಿಂತ ಒಂದೆರಡು ನಿಮಿಷಕ್ಕೆ ಸೊಂಟದ ಕೆಳಗೆ ಒಂದು ಭಾರ ಇಳಿಯಲು ಶುರುವಾಗುತ್ತಿತ್ತು. ಪೃಷ್ಠದಿಂದ ತೊಡೆಗೆ, ತೊಡೆಯಿಂದ ಮೀನಖಂಡಕ್ಕೆ, ಒದ್ದೆ ಮರಳು ಸುರಿದ ಹಾಗೆ. ಆಮೇಲೆ ಉರಿ. ಆಮೇಲೆ ಇರುವೆ ಹರಿದಂತೆ ಜುಮುಜುಮು. ಕೊನೆಗೆ ಕಾಲು ತನ್ನದೇ ಹೌದೋ ಅಲ್ಲವೋ ಎಂಬ ಸಂದೇಹ. ಬಾಗಿದ ಕೂಡಲೇ ಎಲ್ಲವೂ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಬಾಗಿದಾಗ ಅವಳು ಮೂವತ್ತರ ಹೆಂಗಸಿನಷ್ಟು ಗಟ್ಟಿ.

ನಮ್ಮ ಕೊಲ್ಲಿಯಲ್ಲಿ ಬೆನ್ನುನೋವಿಗೆ ಯಾರೂ ರಜೆ ಹಾಕುವುದಿಲ್ಲ. ನೋವು ಬಂದರೆ ಇನ್ನೊಂದು ಇಳಿತಕ್ಕೆ ಕೆಸರಿಗಿಳಿದು ಕೆದಕಿ ಬಿಡಿಸಿಕೊಳ್ಳಬೇಕು, ಮನೆಯಲ್ಲಿ ಮಲಗಿದವನ ಬೆನ್ನು ಮರಗಟ್ಟುತ್ತದೆ ಎಂದೇ ಇಲ್ಲಿನವರು ನಂಬಿದ್ದಾರೆ. ಹಾಗಾಗಿ ಕೆಸರಿನಲ್ಲಿ ನೋವು ಮಾಯವಾಗಿ ಅಡುಗೆಮನೆಯಲ್ಲಿ ತಿರುಗಿ ಬಂದಾಗ ಆರ್ಡೆತ್ ಸಹಜವಾಗಿಯೇ ಕೆಸರನ್ನು ಔಷಧಿ ಎಂದುಕೊಂಡಳು. ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದವಳು ಆರು ದಿನ ಹೋದಳು.

ಮನೆಯಲ್ಲಿ ಅವಳ ಜೊತೆಗಿದ್ದವಳು ತಂಗಿ ಗ್ಲೆನಿಸ್. ಆರ್ಡೆತ್‌ಳ ಗಂಡ ತೀರಿಕೊಂಡ ವರ್ಷ ತನ್ನ ಎರಡು ಪೆಟ್ಟಿಗೆ, ಒಂದು ಬೆಕ್ಕಿನೊಂದಿಗೆ ಬಂದು ಸೇರಿಕೊಂಡವಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಇನ್ನೂರು ಮಕ್ಕಳ ಗಲಾಟೆಯ ಮೇಲೆ ಕೂಗಿ ಕೂಗಿ ಅವಳ ದನಿ ಯಾವಾಗಲೂ ಇದ್ದ ಕೋಣೆಗಿಂತ ಒಂದು ಕೋಣೆ ದೊಡ್ಡದು. ಅಕ್ಕನಲ್ಲಿ ಏನೋ ಬದಲಾಗಿದೆ ಎಂದು ಅವಳಿಗೆ ಮೊದಲು ಹೊಳೆದದ್ದು ಪೇಟೆಯ ದಿನಸಿ ಅಂಗಡಿಯಲ್ಲಿ.

"ಏನೇ ಇದು, ಒಂದು ಡಬ್ಬಿ ಹಾಲಿಗೆ ಇಡೀ ಗಾಡಿ ತಳ್ಕೊಂಡು ಹೊರಟೆ?"

"ಇನ್ನೂ ಏನಾದ್ರೂ ಬೇಕಾಗ್ಬಹುದು."

"ಮೂರು ಸುತ್ತು ಹಾಕಿದೀಯ. ಅಂಗಡಿಯವರು ನಿನ್ನ ಕಾವಲಿಗಿಟ್ಕೋತಾರೆ ನೋಡು."

ಗಾಡಿಯ ಹಿಡಿಯ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿ ನಡೆದರೆ ಎಷ್ಟು ದೂರವಾದರೂ ನಡೆಯಬಹುದು ಎಂದು ಆರ್ಡೆತ್ ಕಂಡುಕೊಂಡಿದ್ದಳು. ಗಾಡಿ ಬಿಟ್ಟು ಬಾಗಿಲಿನಿಂದ ಕಾರಿನವರೆಗೆ ಹೋಗುವಾಗ ಮಾತ್ರ ಸಿಕ್ಕಿಬಿದ್ದಳು. ನಡುದಾರಿಯಲ್ಲಿ ನಿಂತು, ಬೂಟಿನ ದಾರ ಕಟ್ಟುವವಳಂತೆ ಕುಕ್ಕರಿಸಿದಳು. ಅವಳ ಬೂಟಿಗೆ ದಾರವೇ ಇರಲಿಲ್ಲ.

ಮೇ ತಿಂಗಳಲ್ಲಿ ಗ್ಲೆನಿಸ್ ಅವಳನ್ನು ಊರ ಕ್ಲಿನಿಕ್ಕಿಗೆ ಎಳೆದುಕೊಂಡೇ ಹೋದಳು. ಅಲ್ಲಿನ ಡಾಕ್ಟರ್ ಪೆಲ್ಟಿಯೆ ಉತ್ತರದ ಆಲೂಗಡ್ಡೆ ಸೀಮೆಯ ಹೆಂಗಸು. ಕಡಿಮೆ ಮಾತು, ತಣ್ಣಗಿನ ಬೆರಳು.

"ನಡೀತಾ ಕಾಲು ಸೋತಾಗ ಏನ್ಮಾಡ್ತೀರಿ?"

"ನಿಲ್ತೀನಿ."

"ಸುಮ್ನೆ ನಿಂತ್ರೆ ಸರಿಹೋಗುತ್ತಾ?"

"ಇಲ್ಲ. ಬಾಗ್ಬೇಕು. ಇಲ್ದಿದ್ರೆ ಕೂರ್ಬೇಕು."

ಡಾಕ್ಟರ್ ಅವಳ ಎರಡೂ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಸಣ್ಣ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನೆಲುಬನ್ನು ಕೈಗೆತ್ತಿಕೊಂಡರು.

"ರಕ್ತ ಚೆನ್ನಾಗಿ ಹರೀತಿದೆ. ರಕ್ತದ ತೊಂದ್ರೆ ಆಗಿದ್ರೆ ನಿಂತ ಮಾತ್ರಕ್ಕೆ ನೋವು ಇಳೀಬೇಕಿತ್ತು. ನಿಮಗೆ ಬಾಗ್ಲೇಬೇಕು. ನೋಡಿ, ಈ ಮೂಳೆಗಳ ಹಿಂದೆ ಮೇಲಿಂದ ಕೆಳಗಿನ ತನಕ ಒಂದು ನಾಳ ಇದೆ. ಕಾಲಿಗೆ ಹೋಗೋ ನರಗಳೆಲ್ಲ ಇದ್ರೊಳಗೇ ಇಳೀತವೆ. ವಯಸ್ಸಾಗ್ತಾ ಮೂಳೆಗಳ ನಡುವಿನ ಮೆತ್ತೆ ಉಬ್ಬಿ ಹೊರಗೆ ಬರುತ್ತೆ, ಕೀಲು ಸವೆದು ಮೂಳೆ ಬೆಳೆಯುತ್ತೆ, ಒಳಗಿನ ಪಟ್ಟಿ ದಪ್ಪ ಆಗುತ್ತೆ. ನಾಳ ಕಿರಿದಾಗುತ್ತೆ. ಸ್ಪೈನಲ್ ಸ್ಟೆನೋಸಿಸ್ ಅಂತಾರೆ."

"ಕಾಲುವೇಲಿ ಹೂಳು ತುಂಬಿದ ಹಾಗೆ" ಎಂದಳು ಆರ್ಡೆತ್.

"ಹಾಗೇ ಅಂದ್ಕೊಳ್ಳಿ. ನೆಟ್ಟಗೆ ನಿಂತಾಗ ಅದು ಇನ್ನೂ ಒತ್ತುತ್ತೆ. ಬಾಗಿದಾಗ ತುಸು ಬಾಯಿ ಬಿಡುತ್ತೆ. ನೀವು ಬಾಗಿ ಕೆಲಸ ಮಾಡೋದ್ರಿಂದ ಇಷ್ಟು ದಿನ ನಿಮಗೆ ಗೊತ್ತಾಗಿಲ್ಲ."

"ಹಾಗಾದ್ರೆ ಕೆಸರು ನಂಗೆ ಒಳ್ಳೇದೇ."

"ಕೆಸರು ಮುಚ್ಚಿಡ್ತಿದೆ. ವಾಸಿ ಮಾಡ್ತಿಲ್ಲ. ಅಷ್ಟು ವರ್ಷದ ಭಾರ ಎತ್ತಿದ್ದೇ ಸವೆಸಿರೋದು." ಪೆಲ್ಟಿಯೆ ಬೆನ್ನೆಲುಬನ್ನು ಕೆಳಗಿಟ್ಟರು. "ಬಹಳ ಜನಕ್ಕೆ ವ್ಯಾಯಾಮ, ಮಾತ್ರೆ, ಅಗತ್ಯ ಬಿದ್ರೆ ಬೆನ್ನಿಗೊಂದು ಇಂಜೆಕ್ಷನ್, ಇಷ್ಟರಲ್ಲೇ ವರ್ಷಗಟ್ಟಲೆ ಸಾಗುತ್ತೆ. ಕೆಲವರಿಗೆ ಆಪರೇಷನ್ ಬೇಕಾಗುತ್ತೆ. ಸ್ಕ್ಯಾನ್ ಮಾಡದೆ ನಾನೇನೂ ಹೇಳಲ್ಲ. ಆದ್ರೆ ಒಂದು ಮಾತು. ಕೂತ್ಕೊಳ್ಳೋ ಜಾಗ ಮರಗಟ್ಟಿದ್ರೆ, ಉಚ್ಚೆ ಕಟ್ಟಿದ್ರೆ ಅಥವಾ ಗೊತ್ತಿಲ್ದೆ ಹೋದ್ರೆ, ಕಾಲು ಕುಸಿದ್ರೆ, ಅವತ್ತೇ ಬರಬೇಕು. ಮಾರನೇ ದಿನ ಅಲ್ಲ."

ಗ್ಲೆನಿಸ್ ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಳು. ಆರ್ಡೆತ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. "ಆಪರೇಷನ್" ಎಂಬ ಮಾತು ಬಿದ್ದ ಮೇಲೆ ಅವಳ ಕಿವಿಗೆ ಬೇರೇನೂ ಸರಿಯಾಗಿ ಹೋಗಿರಲಿಲ್ಲ.

ಅವಳ ಕಣ್ಣಮುಂದೆ ಇದ್ದದ್ದು ಹಾರ್ಲನ್ ಡೆನಿಸನ್‌ನ ಕಿಟಕಿ. ಕೊಲ್ಲಿಯಲ್ಲಿ ಅವನಂಥ ಕೆಲಸಗಾರ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಬೆನ್ನಿನ ಆಪರೇಷನ್‌ಗೆಂದು ಬ್ಯಾಂಗೋರ್ ನಗರಕ್ಕೆ ಹೋದವನು ಗಾಲಿಕುರ್ಚಿಯಲ್ಲಿ ತಿರುಗಿ ಬಂದ. ಅವನ ಮನೆ ದಂಡೆಯ ಮೇಲೇ ಇತ್ತು. ಕೆಸರಿಗೆ ಇಳಿಯುವ ಪ್ರತಿಯೊಬ್ಬರೂ ಆ ಕಿಟಕಿಯ ಮುಂದೆ ಹಾದು ಹೋಗಬೇಕು. ಸಾಯುವವರೆಗೆ ಏಳು ವರ್ಷ ಅವನು ಅಲ್ಲೇ ಕುಳಿತು ಇಳಿತ ಉಬ್ಬರ ನೋಡಿದ. ಚಾಕು ಹಾಕಿಸಿಕೊಂಡರೆ ಹೀಗಾಗುತ್ತದೆ ಎಂದು ಊರಿನವರು ದನಿ ತಗ್ಗಿಸಿ ಹೇಳುತ್ತಿದ್ದರು.

ಸ್ಕ್ಯಾನಿಗೆ ಜೂನ್ ತಿಂಗಳ ಒಂದು ಗುರುವಾರ ನಿಗದಿಯಾಯಿತು. ಆ ಬೆಳಿಗ್ಗೆ ತಿಂಗಳಲ್ಲೇ ದೊಡ್ಡ ಇಳಿತ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬಯಲಾಗುವ, ದಂಡೆಯಿಂದ ದೂರದ ಕೆಸರಿನ ಹೊರದಿಬ್ಬ ಆವತ್ತು ಬಯಲಾಗಲಿತ್ತು. ಆರ್ಡೆತ್ ಕ್ಲಿನಿಕ್ಕಿಗೆ ಫೋನ್ ಮಾಡಿ, ಇಳಿತ ಚೆನ್ನಾಗಿದೆ, ಬರಲಾಗುವುದಿಲ್ಲ ಎಂದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾರಣ ಇಲ್ಲ. ಮದುವೆಗಳನ್ನೇ ಇಳಿತ ನೋಡಿ ಮುಂದೂಡಿದ್ದಾರೆ. ಫೋನ್ ಎತ್ತಿದ ಹುಡುಗಿ ಈ ಊರಿನವಳೇ ಆಗಿದ್ದರಿಂದ ಎರಡನೆಯ ಮಾತು ಕೇಳಲಿಲ್ಲ. ಬೇರೆ ದಿನ ಕೊಡಲೇ ಎಂದಾಗ, ನಾನೇ ಹೇಳುತ್ತೇನೆ ಎಂದಳು ಆರ್ಡೆತ್.

ಗ್ಲೆನಿಸ್ ಕೇಳಿದಾಗ ಸ್ಕ್ಯಾನ್ ಆಯಿತು, ಹೆಚ್ಚೇನೂ ಇಲ್ಲವಂತೆ ಎಂದು ಸುಳ್ಳು ಹೇಳಿದಳು. ಆ ಸುಳ್ಳು ಸಲೀಸಾಗಿ ಬಂದದ್ದನ್ನು ಕಂಡು ಅವಳಿಗೇ ಗಾಬರಿಯಾಯಿತು.

ಡಾಕ್ಟರ್ ಕೊಟ್ಟ ವ್ಯಾಯಾಮದ ಹಾಳೆ ಇತ್ತು. ನೆಲದ ಮೇಲೆ ಮಲಗಿ ಮೊಣಕಾಲುಗಳನ್ನು ಎದೆಗೆ ತಂದುಕೊಳ್ಳುವುದು, ಹೊಟ್ಟೆಯನ್ನು ಬಿಗಿಹಿಡಿಯುವುದು. ಒಂದು ವಾರ ಮಾಡಿದಳು, ನಿಜವಾಗಿಯೂ ಹಗುರವಾಯಿತು. ಹಗುರವಾದದ್ದೇ ನೆಪವಾಗಿ ಬಿಟ್ಟಳು.

ಬೇಸಿಗೆ ಕಳೆದಂತೆ ಅವಳ ಲೋಕ ಅಳತೆಯಲ್ಲಿ ಚಿಕ್ಕದಾಗುತ್ತ ಬಂತು. ಮೊದಲು ಚರ್ಚಿಗೆ ನಡೆಯುವುದು ನಿಂತಿತು. ಆಮೇಲೆ ಬಟ್ಟೆ ಒಣಹಾಕುವ ಹಗ್ಗ ದೂರವಾಯಿತು. ಶನಿವಾರ ಬೀನ್ಸ್ ಕಾಳಿನ ಮಡಕೆ ಒಲೆಯ ಮೇಲಿದ್ದಾಗ ಅವಳು ಕಟ್ಟೆಯ ಮೇಲೆ ಮುಂಗೈಗಳನ್ನು ಚಾಚಿ, ಗಲ್ಲ ಊರಿ, ಅರ್ಧ ಮಲಗಿದಂತೆ ನಿಂತು ಸೌಟು ತಿರುಗಿಸುತ್ತಿದ್ದಳು. "ಮಡಕೆಗೆ ಗುಟ್ಟು ಹೇಳ್ತಿದೀಯೇನೇ?" ಎಂದು ಗ್ಲೆನಿಸ್ ನಗುತ್ತಿದ್ದಳು. ಆರ್ಡೆತ್ ನಗುತ್ತಿರಲಿಲ್ಲ. ಹಾಸಿಗೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಮಲಗಲಾಗದೆ ಮಗ್ಗುಲಿಗೆ, ಗರ್ಭದಲ್ಲಿರುವ ಮಗುವಿನ ಹಾಗೆ ಮುದುಡಿ ಮಲಗುತ್ತಿದ್ದಳು.

ಅಕ್ಟೋಬರ್ ಮೂರನೆಯ ವಾರ, ಒಂದು ಮಧ್ಯಾಹ್ನ ಕೆಸರಿನಿಂದ ಬಂದು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಎಡಗಾಲಿನ ಬೂಟು ಎಳೆದಳು. ಬೂಟಿನಿಂದ ನೀರು ಸುರಿಯಿತು. ಒಂದು ಪಾತ್ರೆಯಷ್ಟು, ಮಂಜುಗಡ್ಡೆಯಂಥ ನೀರು. ನೀರು ಕೆಂಪಗಿತ್ತು. ಕಾಲುಚೀಲ ತೆಗೆದಾಗ ಅಂಗಾಲಿನಲ್ಲಿ ಒಡೆದ ಚಿಪ್ಪಿನ ಚೂರೊಂದು ಅಡ್ಡಲಾಗಿ ನೆಟ್ಟಿತ್ತು. ಬೂಟು ಯಾವಾಗ ತೂತಾಯಿತೋ, ನೀರು ಯಾವಾಗ ತುಂಬಿತೋ, ಚೂರು ಯಾವಾಗ ಹೊಕ್ಕಿತೋ ಅವಳಿಗೆ ಗೊತ್ತೇ ಇರಲಿಲ್ಲ. ಎರಡು ಬೆರಳಿನಲ್ಲಿ ಹಿಡಿದು ಚೂರನ್ನು ಎಳೆದಳು. ಬೇರೆ ಯಾರದೋ ಕಾಲಿನಿಂದ ಎಳೆದ ಹಾಗಿತ್ತು.

ಚಳಿ, ಎಂದುಕೊಂಡಳು. ಅಕ್ಟೋಬರ್ ಕೆಸರಿನಲ್ಲಿ ನಿಂತ ಯಾರ ಕಾಲಿಗೂ ಅರಿವಿರುವುದಿಲ್ಲ. ಚಿಪ್ಪು ಕೆದಕುವವರು ಎಲ್ಲರೂ ಹೇಳುವ ಮಾತು ಅದು. ಬಿಸಿನೀರಿನಲ್ಲಿ ಕಾಲಿಟ್ಟು ಕಾದಳು. ಬಲಗಾಲಿಗೆ ಅರಿವು ಬಂತು. ಎಡಗಾಲಿಗೆ ಬರಲಿಲ್ಲ. ಗ್ಲೆನಿಸ್ ಶಾಲೆಯಿಂದ ಬರುವ ಮೊದಲೇ ಗಾಯಕ್ಕೆ ಬಟ್ಟೆ ಸುತ್ತಿ, ಮೆಟ್ಟಿಲು ತೊಳೆದಳು.

ಅಲ್ಲಿಂದ ಅವಳು ತನ್ನನ್ನೇ ಕದ್ದು ಪರೀಕ್ಷಿಸಿಕೊಳ್ಳತೊಡಗಿದಳು. ಬಚ್ಚಲಿನ ಬಾಗಿಲು ಹಾಕಿಕೊಂಡು ತೊಡೆಯ ಒಳಭಾಗವನ್ನು ಉಗುರಿನಿಂದ ಗೀರುವಳು. ಇಲ್ಲಿ ಗೊತ್ತಾಗುತ್ತದೆ. ಇಲ್ಲಿ ಅಷ್ಟಿಲ್ಲ. ಇಲ್ಲಿ? ಕುರ್ಚಿಯಲ್ಲಿ ಕುಳಿತಾಗ ಅಡಿಯಲ್ಲಿ ದಪ್ಪ ಉಣ್ಣೆಯ ಬಟ್ಟೆ ಹಾಸಿದಂತೆ ಅನಿಸತೊಡಗಿತು. ಎದ್ದು ನೋಡಿದರೆ ಬರೀ ಹಲಗೆ. ಮಂಗಳವಾರ ಬೆಳಿಗ್ಗೆ ಶೌಚಾಲಯದಲ್ಲಿ ಬಹಳ ಹೊತ್ತು ಕುಳಿತಳು. ಹೊಟ್ಟೆ ಬಿಗಿದಿತ್ತು, ಬರಬೇಕಾದ್ದು ಬರಲಿಲ್ಲ. ಆ ಇಡೀ ದಿನ ಹನಿಹನಿಯಷ್ಟೇ ಬಂತು.

ಗ್ಲೆನಿಸ್ ಬರೆದ ಚೀಟಿ ಬ್ರೆಡ್ಡಿನ ಡಬ್ಬಿಯ ಅಡಿಯಲ್ಲಿತ್ತು. ತೆಗೆದು ಓದುವ ಅಗತ್ಯವಿರಲಿಲ್ಲ. ಮೇ ತಿಂಗಳಿಡೀ ಗ್ಲೆನಿಸ್ ಗಟ್ಟಿಯಾಗಿ ಓದಿ ಓದಿ ಅವಳಿಗೆ ಅದು ಬಾಯಿಪಾಠವಾಗಿತ್ತು. ಅದನ್ನು ಅವಳು ಮುಟ್ಟಲಿಲ್ಲ. ಮುಟ್ಟಿದರೆ ಅದು ತನಗೇ ಬರೆದದ್ದೆಂದು ಒಪ್ಪಿಕೊಂಡ ಹಾಗೆ. ಮತ್ತೆ ಬೆಳಗಾದಾಗ ಹೊರದಿಬ್ಬ ಬಯಲಾಗುವ ಇಳಿತವಿತ್ತು. ಬಾಗಿದರೆ ಎಲ್ಲ ಸರಿಹೋಗುತ್ತದೆ, ಯಾವಾಗಲೂ ಹೋಗಿದೆ ಎಂದುಕೊಂಡು ಅವಳು ಗುದ್ದಲಿ ತೆಗೆದುಕೊಂಡಳು.

ಆ ಬುಧವಾರ ಹೊರದಿಬ್ಬದಲ್ಲಿ ಏಳೆಂಟು ಜನರಿದ್ದರು. ತೆಳ್ಳಗೆ ಮಂಜು ಇಳಿದಿತ್ತು. ಜಾರುಬಂಡಿಯ ಹಿಡಿಗೆ ಮೈಯೊರಗಿಸಿ ತಳ್ಳಿಕೊಂಡು ಆರ್ಡೆತ್ ಎಲ್ಲರಿಗಿಂತ ಆಚೆ, ತುದಿಗೆ ಹೋಗಿದ್ದಳು. ಬಾಗಿದಳು. ನೋವು ಹೋಯಿತು. ಆದರೆ ಕಾಲುಗಳು ತಿರುಗಿ ಬರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಬಾಗಿದರೂ ಅವು ಬರಲಿಲ್ಲ. ಅವಳು ಕೆದಕುತ್ತಲೇ ಇದ್ದಳು. ಗುದ್ದಲಿ ಏಳುತ್ತಿತ್ತು, ಬೀಳುತ್ತಿತ್ತು.

ನೀರು ತಿರುಗಿ ಏರತೊಡಗಿತು. ಕೊಲ್ಲಿಯಲ್ಲಿ ಅದಕ್ಕೆ ಸದ್ದಿಲ್ಲ. ಕೆಸರಿನ ಮೇಲಿನ ಗೀರುಗಳಲ್ಲಿ ಹೊಳಪು ಕಾಣಿಸಿಕೊಳ್ಳುತ್ತದೆ, ಅಷ್ಟೆ. ದಿಬ್ಬಕ್ಕೂ ದಂಡೆಗೂ ನಡುವಿನ ಕಾಲುವೆ ಮೊದಲು ತುಂಬುತ್ತದೆ. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಕೊನೆಯಲ್ಲಿ ಹೊರಟವನು ಬರ್ಲಿ ಡೆನಿಸನ್, ಹಾರ್ಲನ್‌ನ ತಮ್ಮ. ಅರವತ್ತಾರು ವರ್ಷ, ಹಲ್ಲುಸಂದಿಯಲ್ಲಿ ಸದಾ ಒಂದು ಬೆಂಕಿಕಡ್ಡಿ.

"ಆರ್ಡೀ! ಸಾಕು ಬಾರೇ ಮಾರಾಯ್ತಿ! ನಾಳೆಗೂ ಒಂದೆರಡು ಉಳಿಸು!"

ಅವಳು ತಲೆಯೆತ್ತದೆ ಕೈ ಎತ್ತಿ ಬೀಸಿದಳು. ಬರ್ತೀನಿ ಹೋಗು ಎಂಬಂತೆ. ಆ ಕೈ ಯಾಕೆ ಹಾಗೆ ಬೀಸಿತೋ ಅವಳಿಗೆ ತಿಳಿಯಲಿಲ್ಲ. ಎರಡು ವರ್ಷ ಮುಚ್ಚಿಟ್ಟ ಅಭ್ಯಾಸ ತಾನಾಗಿಯೇ ಅದನ್ನು ಎತ್ತಿತ್ತು. ಬರ್ಲಿಯ ಬೆನ್ನು ಮಂಜಿನಲ್ಲಿ ಬೂದುಬಣ್ಣವಾಯಿತು. ಆಗ ಅವಳು ನೆಟ್ಟಗಾಗಲು ಹೋದಳು.

ಬಲಗಾಲು ಕೆಸರಿನಿಂದ ಕಿತ್ತು ಬಂತು. ಎಡಗಾಲು ಬರಲಿಲ್ಲ. ಅವಳು ಮೊಣಕಾಲ ಮೇಲೆ ಕುಸಿದಳು. ಜಾರುಬಂಡಿಯ ಮೇಲೆ ಎದೆಯಿಟ್ಟು ಕೈಗಳಿಂದ ಕೆಸರು ಬಗೆದಳು. ಬಂಡಿ ಒಂದು ಗೇಣು ಸರಿದು ಹೂತುಕೊಂಡಿತು. ತೊಡೆಗಳ ನಡುವೆ ಬೆಚ್ಚಗಾದದ್ದು ಅವಳಿಗೆ ಗೊತ್ತಾಗಲಿಲ್ಲ. ಬೂಟಿನ ಬಾಯಿಯಿಂದ ಹಬೆ ಏಳುವುದನ್ನು ಕಣ್ಣಿನಿಂದ ನೋಡಿ ತಿಳಿದಳು. ತನ್ನ ಮೈಯ ಸುದ್ದಿ ತನಗೆ ಹೊರಗಿನಿಂದ ಬಂದಿತ್ತು.

"ಬರ್ಲೀ!"

ಮಂಜು ಕೂಗನ್ನು ನುಂಗಿತು. ಮತ್ತೆ ಕೂಗಿದಳು. ಹೊಳಪು ಅವಳ ಕೈಯ ಹತ್ತಿರ ಬಂದಿತ್ತು. ದೂರದಿಂದ ನೋಡುವವರಿಗೆ ತಾನು ಹೇಗೆ ಕಾಣುತ್ತೇನೆಂದು ಅವಳಿಗೆ ಆಗ ಹೊಳೆಯಿತು. ಬಾಗಿದ ಒಂದು ಬೆನ್ನು, ಪಕ್ಕದಲ್ಲೊಂದು ಬಂಡಿ. ಕೆಲಸ ಮಾಡುತ್ತಿರುವ ಆರ್ಡೆತ್. ಯಾರೂ ಬರುವುದಿಲ್ಲ.

ಬರ್ಲಿ ಕಾಲುವೆಯ ಅಂಚಿನಲ್ಲಿ ತಿರುಗಿ ನೋಡಿದ್ದ. ಅವಳು ಇನ್ನೂ ಬಾಗಿದ್ದಳು. ಬೈದುಕೊಂಡು ಹೊರಡುವವನಿದ್ದ. ಏನೋ ಸರಿಯಿಲ್ಲ ಅನಿಸಿತು. ಚಿಪ್ಪು ಕೆದಕುವವರ ಹಿಂದೆ ಯಾವಾಗಲೂ ಕಡಲಹಕ್ಕಿಗಳಿರುತ್ತವೆ. ಗುದ್ದಲಿಗೆ ಸಿಕ್ಕಿ ಒಡೆದ ಚಿಪ್ಪಿಗಾಗಿ ಜಗಳವಾಡುತ್ತವೆ. ಆರ್ಡೆತ್‌ಳ ಹಿಂದೆ ಒಂದೂ ಹಕ್ಕಿ ಇರಲಿಲ್ಲ. ಅವನು ಬುಟ್ಟಿಗಳನ್ನು ಅಲ್ಲೇ ಸುರಿದು, ಖಾಲಿ ಬಂಡಿ ಎಳೆದುಕೊಂಡು ವಾಪಸ್ ಓಡಿದ. ಅರವತ್ತಾರರ ಮನುಷ್ಯ ಕೆಸರಿನಲ್ಲಿ ಓಡುವುದೆಂದರೆ ಬೀಳುವುದು, ಏಳುವುದು.

ಅವಳನ್ನು ಬಂಡಿಯ ಮೇಲೆ ಮಗ್ಗುಲಿಗೆ ಮಲಗಿಸಿ, ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಎಳೆಯತೊಡಗಿದ.

"ಯಾವಾಗಿಂದ ಕಾಲು?"

"ಇವತ್ತು."

"ಬೊಗಳ್ಬೇಡ."

"ಎರಡು ವರ್ಷ" ಎಂದಳು. ಆಮೇಲೆ, "ನನ್ನ ಮನೆಗೆ ಬಿಡು ಬರ್ಲಿ. ಬಿಸಿನೀರಲ್ಲಿ ಕೂತ್ರೆ ಸರಿಹೋಗುತ್ತೆ. ಬ್ಯಾಂಗೋರಿಗೆ ಮಾತ್ರ ಬೇಡ. ಹಾರ್ಲನ್‌ನ ನೋಡಿದೀನಿ ನಾನು."

ಅವನು ನಿಂತ. ನೀರು ಅವನ ಮೀನಖಂಡ ದಾಟಿತ್ತು. ನಿಲ್ಲುವ ಹೊತ್ತಲ್ಲ ಅದು.

"ಏನು ನೋಡಿದೀಯ? ಕಿಟಕಿ ನೋಡಿದೀಯ. ಅವನು ಬ್ಯಾಂಗೋರಿಗೆ ಹೋಗೋಕೆ ಮುಂಚೆ ಒಂಬತ್ತು ದಿನ ಮಂಚದಲ್ಲಿ ಬಿದ್ದಿದ್ದ ಕಣೇ. ಕಾಲು ಹೋಗಿತ್ತು. ಉಚ್ಚೆ ಕಟ್ಟಿತ್ತು. ನಾನೇ ಎತ್ತಿ ಕೂರಿಸ್ತಿದ್ದೆ. ಯಾರಿಗೂ ಹೇಳ್ಬೇಡ ಅಂದ, ನಾನು ಹೇಳ್ಲಿಲ್ಲ. ಅಲ್ಲಿನ ಡಾಕ್ಟ್ರು ನೋಡಿದ ಕೂಡ್ಲೆ ಅಂದ್ರು, ತಡ ಮಾಡಿದ್ರಿ, ನೋವು ತೆಗೀಬಹುದು, ಕಾಲಿನ ಮಾತು ಕೊಡಕ್ಕಾಗಲ್ಲ ಅಂತ." ಅವನು ಹಗ್ಗ ಜಗ್ಗಿದ. ಬಂಡಿ ಚಲಿಸಿತು. "ಜನ ಆಪರೇಷನ್ನ ಬೈದ್ರು. ಬೈಯ್ಕೊಳ್ಲಿ ಅಂತ ಬಿಟ್ವಿ. ಒಂಬತ್ತು ದಿನ ಬಾಯಿ ಮುಚ್ಕೊಂಡಿದ್ದೆ ಅಂತ ಹೇಳ್ಕೊಳ್ಳೋದಕ್ಕಿಂತ ಅದು ಸುಲಭ ಇತ್ತು."

ಬಂಡಿಯ ಅಂಚಿನಲ್ಲಿ ನೀರು ತಟ್ಟುತ್ತಿತ್ತು.

"ನಿಂಗೆಷ್ಟು ದಿನ?" ಅವನು ತಿರುಗದೆಯೇ ಕೇಳಿದ. "ಉಚ್ಚೆ."

"ನಿನ್ನೆ ಬೆಳಿಗ್ಗೆಯಿಂದ ಕಟ್ಟಿದೆ. ಈಗ ಗೊತ್ತಿಲ್ದೆ ಹೋಯ್ತು."

"ನಿನ್ನೆ" ಎಂದ ಬರ್ಲಿ. ಕಾಲುವೆಯಲ್ಲಿ ನೀರು ಅವನ ಸೊಂಟಕ್ಕೆ ಬಂತು, ಬಂಡಿ ತೇಲಿತು. ದಂಡೆ ಮುಟ್ಟುವವರೆಗೆ ಅವನು ಆ ಒಂದು ಪದವನ್ನು ಮತ್ತೆ ಮತ್ತೆ ಗೊಣಗುತ್ತಲೇ ಇದ್ದ. ಬೈಗುಳವೋ ಪ್ರಾರ್ಥನೆಯೋ ಅವಳಿಗೆ ಗೊತ್ತಾಗಲಿಲ್ಲ.

ಕೆಸರಿನ ಮೈಯಲ್ಲೇ ಕ್ಲಿನಿಕ್ಕಿಗೆ ಹೋದರು. ಡಾಕ್ಟರ್ ಪೆಲ್ಟಿಯೆ ಮಂಚದ ಮೇಲಿನ ಬಿಳಿ ಹಾಸು ಹಾಳಾಗುವುದನ್ನು ನೋಡಲಿಲ್ಲ. ಒಂದು ಗುಂಡುಸೂಜಿ ಹಿಡಿದು ತೊಡೆಗಳ ಒಳಗೆ ಅಲ್ಲಲ್ಲಿ ಮುಟ್ಟಿಸುತ್ತ ಕೇಳಿದರು.

"ಚೂಪೋ ಮೊಂಡೋ?"

"ಚೂಪು."

"ಇಲ್ಲಿ?"

ಆರ್ಡೆತ್ ಚಾವಣಿ ನೋಡುತ್ತಿದ್ದಳು. "ಮುಟ್ಟಿದ್ರಾ?"

ಡಾಕ್ಟರ್ ಸೂಜಿ ಕೆಳಗಿಟ್ಟು, ಬಾಗಿಲು ತೆರೆದು, ಆಂಬುಲೆನ್ಸ್ ಎಂದು ಮಾತ್ರ ಹೇಳಿದರು. ಅವರು ದನಿ ಏರಿಸದಿದ್ದುದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಬ್ಯಾಂಗೋರಿಗೆ ಎರಡು ತಾಸಿನ ದಾರಿ. ಶಾಲೆಯ ಏಪ್ರನ್ನಿನಲ್ಲೇ ಓಡಿಬಂದ ಗ್ಲೆನಿಸ್ ಪಕ್ಕದಲ್ಲಿ ಕುಳಿತಿದ್ದಳು.

"ಸ್ಕ್ಯಾನ್ ಆಯ್ತು ಅಂದಿದ್ದೆಯಲ್ಲೇ."

"ಸುಳ್ಳು ಹೇಳ್ದೆ."

"ಯಾಕೆ?"

"ಹೆದರಿಕೆ ಆಯ್ತು."

ಗ್ಲೆನಿಸ್‌ಗೆ ಬೈಯಲು ಬಾಯಿ ತುಂಬ ಮಾತಿತ್ತು. ಅವಳು ಏಪ್ರನ್ನಿನ ಅಂಚಿನಿಂದ ಅಕ್ಕನ ಕಿವಿಯ ಹಿಂದಿನ ಕೆಸರು ಒರೆಸಿದಳು. ದಾರಿಯುದ್ದಕ್ಕೂ ಅದನ್ನೇ ಮಾಡಿದಳು, ಕೆಸರು ಹೋದ ಮೇಲೂ.

ಸ್ಕ್ಯಾನಿನ ಕೊಳವೆಯೊಳಗೆ ನೆಟ್ಟಗೆ ಮಲಗಬೇಕಾಗಿತ್ತು. ಮೊಣಕಾಲ ಕೆಳಗೆ ದಿಂಬು ಇಟ್ಟರೂ ಉರಿ ಏರಿತು. ಇಪ್ಪತ್ತು ನಿಮಿಷ ಅವಳು ಹಲ್ಲು ಕಚ್ಚಿ, ಗುದ್ದಲಿ ಬೀಳುವ ಲೆಕ್ಕ ಹಾಕಿದಳು. ಸರ್ಜನ್ ಪರದೆಯ ಮೇಲೆ ಚಿತ್ರ ತೋರಿಸಿದರು. ಮೇಲಿಂದ ಇಳಿದ ಬಿಳಿಯ ಗೆರೆಯೊಂದು ಸೊಂಟದ ಹತ್ತಿರ ಬಂದು ಇದ್ದಕ್ಕಿದ್ದಂತೆ ಕಪ್ಪಾಗಿತ್ತು.

"ನಾಳ ಮೊದಲೇ ಬಹಳ ಕಿರಿದಾಗಿತ್ತು. ಅದರ ಮೇಲೆ ಈಗ ಒಂದು ಮೆತ್ತೆ ಒಡೆದು ಒಳಗೆ ನುಗ್ಗಿದೆ. ಹಿಂದಿನಿಂದ ಸ್ವಲ್ಪ ಮೂಳೆ, ದಪ್ಪ ಆಗಿರೋ ಪಟ್ಟಿ, ಈ ಚೂರು ಎಲ್ಲ ತೆಗೆದು ನರಗಳಿಗೆ ಜಾಗ ಮಾಡ್ತೀವಿ. ಈಗಲೇ."

"ಕಾಲು ಬರುತ್ತಾ?" ಎಂದು ಗ್ಲೆನಿಸ್ ಕೇಳಿದಳು. ಅವಳ ದನಿ ಮೊದಲ ಸಲ ಚಿಕ್ಕದಾಗಿತ್ತು.

"ನೋವು ಹೋಗೋ ಸಾಧ್ಯತೆ ಚೆನ್ನಾಗಿದೆ. ಕಾಲು ಬಹುಶಃ. ಉಚ್ಚೆಯ ನರಗಳು ಎಲ್ಲಕ್ಕಿಂತ ನಾಜೂಕು. ಬರಬಹುದು, ತಡವಾಗಿ ಬರಬಹುದು, ಬರದೇ ಇರಬಹುದು. ಇವತ್ತು ಬಂದ್ರಲ್ಲ, ಅದು ಒಳ್ಳೇದಾಯ್ತು. ಹೆಚ್ಚಿಗೆ ಮಾತು ಕೊಟ್ರೆ ಮೋಸ ಮಾಡಿದ ಹಾಗಾಗುತ್ತೆ."

ಆರ್ಡೆತ್ ಸಹಿ ಹಾಕಿದಳು. ಕೈ ಬೆರಳಿನ ಗೆಣ್ಣುಗಳಲ್ಲಿ ಇನ್ನೂ ಕೆಸರಿತ್ತು. ಕಾಗದದ ಮೇಲೆ ಒಂದು ಬೂದು ಗುರುತು ಉಳಿಯಿತು.

ಎಚ್ಚರವಾದಾಗ ಅವಳು ಬೆನ್ನ ಮೇಲೆ, ಹೆಚ್ಚುಕಡಿಮೆ ನೆಟ್ಟಗೆ ಮಲಗಿದ್ದಳು. ಬೆನ್ನಿನಲ್ಲಿ ಹೊಲಿಗೆ ಎಳೆಯುತ್ತಿತ್ತು. ಕಾಲುಗಳಲ್ಲಿ ಉರಿ ಇರಲಿಲ್ಲ. ಅದರಿಂದಲೇ ಅವಳಿಗೆ ದಿಗಿಲಾಯಿತು. ಕಾಲುಗಳೇ ಇಲ್ಲವೇನೋ ಅನಿಸಿ ತಲೆಯೆತ್ತಿ ನೋಡಿದಳು. ಹೊದಿಕೆಯ ಕೆಳಗೆ ಎರಡು ಉಬ್ಬುಗಳಿದ್ದವು. ಬಲಗಾಲಿನ ಬೆರಳು ಹೇಳಿದಂತೆ ಆಡಿತು. ಎಡಗಾಲಿನ ಹೆಬ್ಬೆರಳು ಬಹಳ ಯೋಚಿಸಿ, ಒಂದು ಕೂದಲೆಳೆಯಷ್ಟು ಅಲುಗಿತು.

ಮೂರನೆಯ ದಿನ ಬೆಳಿಗ್ಗೆ ಟಾನ್ಯಾ ಎಂಬ ನರ್ಸ್ ಮೂತ್ರದ ಕೊಳವೆ ತೆಗೆದಳು.

"ಈಗ ನಿಮ್ಮ ಸರದಿ. ಆರು ತಾಸು ಕಾಯ್ತೀವಿ. ನೀರು ಕುಡೀರಿ. ತಾನಾಗಿ ಬರ್ಲಿಲ್ಲ ಅಂದ್ರೆ ಮತ್ತೆ ಕೊಳವೆ ಹಾಕ್ಬೇಕಾಗುತ್ತೆ."

"ಎಷ್ಟು ದಿನಕ್ಕೆ?"

ಟಾನ್ಯಾ ಕೊಳವೆಯನ್ನು ಸುತ್ತುತ್ತಿದ್ದಳು. "ಅದು ಒಬ್ಬೊಬ್ಬರಿಗೆ ಒಂದೊಂದು ಥರ."

ಒಂಬತ್ತು ಗಂಟೆಯಾಗಿತ್ತು. ಆರ್ಡೆತ್ ನೀರು ಕುಡಿದಳು. ಹತ್ತಕ್ಕೆ ವಾಕರ್ ಹಿಡಿಸಿ ಬಾಗಿಲಿನವರೆಗೆ ನಡೆಸಿದರು. ಎಡಪಾದ ಚಪ್ಪಟೆಯಾಗಿ ಬೀಳುತ್ತಿತ್ತು. ಅವಳು ಅಭ್ಯಾಸಬಲದಿಂದ ಮುಂದಕ್ಕೆ ಬಾಗಲು ಹೋದಾಗ, "ಬಾಗ್ಬೇಡಿ, ನೆಟ್ಟಗೆ" ಎಂದು ಟಾನ್ಯಾ ತಡೆದಳು. ನೆಟ್ಟಗೆ ನಿಂತು ಆರ್ಡೆತ್ ಭಾರ ಇಳಿಯುವುದಕ್ಕೆ ಕಾದಳು. ಒಂದು ನಿಮಿಷ. ಎರಡು. ಇಳಿಯಲಿಲ್ಲ. ಸಂತೋಷಪಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಹನ್ನೊಂದಕ್ಕೆ ಶೌಚಾಲಯದಲ್ಲಿ ಕೂರಿಸಿದರು. ಏನೂ ಇಲ್ಲ. ಹನ್ನೆರಡಕ್ಕೆ ಏನೂ ಇಲ್ಲ. ಅವಳು ಗಮನವನ್ನೆಲ್ಲ ಹೊಟ್ಟೆಯ ಕೆಳಗಿಳಿಸಿ ಹುಡುಕುತ್ತಿದ್ದಳು, ಕತ್ತಲೆಯ ಕೋಣೆಯಲ್ಲಿ ಗೋಡೆ ತಡವುವ ಹಾಗೆ. ಅಲ್ಲಿ ಯಾರೂ ಉತ್ತರ ಕೊಡುತ್ತಿರಲಿಲ್ಲ.

ಗ್ಲೆನಿಸ್ ಎದ್ದುಹೋಗಿ ತೊಟ್ಟಿಯ ನಲ್ಲಿ ಬಿಟ್ಟು ಬಂದಳು.

"ಏನೇ ಅದು?"

"ಬಾಲವಾಡಿ ಮಕ್ಕಳಿಗೆ ಹೀಗೇ ಮಾಡೋದು. ಕೇಳಿಸ್ಕೊ."

"ಪಕ್ಕದ ಮಂಚದವಳಿಗೆ ಬಂದೀತು."

"ಬಂದ್ರೆ ಬಂತು ಬಿಡು, ಪುಣ್ಯ ಬರುತ್ತೆ." ಗ್ಲೆನಿಸ್ ಹಾಸಿಗೆಯ ಅಂಚಿನಲ್ಲಿ ಕುಳಿತಳು. "ಬರ್ಲಿ ಡೆನಿಸನ್ ಫೋನ್ ಮಾಡಿದ್ದ. ಹೇಗಿದಾಳೆ ಅಂದ. ಉಚ್ಚೆಗೆ ಕಾಯ್ತಿದೀವಿ ಅಂದೆ."

"ಅಯ್ಯೋ ಗ್ಲೆನಿ!"

"ಅವನೂ ಸುಮ್ನೆ ಕೂತಿದಾನಂತೆ. ಇವತ್ತು ಕೆಸರಿಗೆ ಇಳ್ದಿಲ್ವಂತೆ. ಬಂದ ಕೂಡ್ಲೆ ತಿಳ್ಸು ಅಂದ."

ಆರ್ಡೆತ್‌ಗೆ ನಗು ಬಂತು, ನಗುವಾಗ ಹೊಲಿಗೆ ನೊಂದಿತು, ನೋವಿನ ಹಿಂದೆಯೇ ಅಳು ಬಂತು. ಇಷ್ಟು ದಿನದಲ್ಲಿ ಮೊದಲ ಅಳು. ಗ್ಲೆನಿಸ್ ಕರವಸ್ತ್ರ ಹುಡುಕಲು ಹೋಗಲಿಲ್ಲ. ಅಕ್ಕನ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಹಿಡಿದಿದ್ದಾಳೆಂದು ಆರ್ಡೆತ್ ನೋಡಿ ತಿಳಿದಳೇ ಹೊರತು ಪಾದಕ್ಕೆ ಗೊತ್ತಾಗಲಿಲ್ಲ.

"ಹೀಗೇ ಇದ್ಬಿಟ್ರೆ?" ಎಂದಳು.

"ಇದ್ರೆ ಇರುತ್ತೆ. ನಂಗೆ ಹೇಳ್ದೆ ಇರ್ಬೇಡ, ಅಷ್ಟೆ."

ಎರಡು ಗಂಟೆಗೆ ಟಾನ್ಯಾ ಬಂದು, ಹೊಟ್ಟೆಯ ಮೇಲೆ ಸಣ್ಣ ಯಂತ್ರವಿಟ್ಟು ಒಳಗೆ ಎಷ್ಟು ತುಂಬಿದೆ ಎಂದು ನೋಡಿದಳು. ಬಹಳ ಇತ್ತು. ಇಷ್ಟಿದ್ದೂ ಅರಿವಿಲ್ಲವೆಂದರೆ ಏನರ್ಥ ಎಂದು ಯಾರೂ ಹೇಳಲಿಲ್ಲ. "ಇನ್ನೊಂದು ಗಂಟೆ" ಎಂದು ಟಾನ್ಯಾ ಹೊಸ ಕೊಳವೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದಳು. ಆರ್ಡೆತ್ ಆ ಪೊಟ್ಟಣದ ಕಡೆ ನೋಡದಿರಲು ಕಣ್ಣು ಮುಚ್ಚಿಕೊಂಡಳು.

ಎರಡೂ ಮುಕ್ಕಾಲಿಗೆ, ಬಹಳ ಆಳದಲ್ಲಿ, ಏನೋ ಒಂದು ಮುಳ್ಳಿನ ತುದಿಯಷ್ಟು ಚುಚ್ಚಿತು. ಅವಳು ಉಸಿರು ಹಿಡಿದಳು. ಹೊಲಿಗೆ ಇರಬಹುದು. ಹೊಲಿಗೆಯಲ್ಲ. ಅದು ಮುಂದುಗಡೆ ಇತ್ತು, ಕೆಳಗಿತ್ತು. ಮತ್ತೆ ಬಂತು, ಈ ಸಲ ಒತ್ತಡವಾಗಿ, ಅಸಹ್ಯವಾಗಿ, ತಡೆಯಲಾಗದ ಹಾಗೆ, ಚಿಕ್ಕಂದಿನಿಂದ ಸಾವಿರ ಸಲ ಬಂದು ಅವಳು ಒಮ್ಮೆಯೂ ಗಮನಿಸದಿದ್ದ ಹಾಗೆ.

"ಗ್ಲೆನಿ."

"ಏನೇ? ನೋವಾ?"

"ಅಲ್ಲ. ಎಬ್ಬಿಸು ನನ್ನ. ಬೇಗ ಎಬ್ಬಿಸೇ, ಹಾಸಿಗೆ ಒದ್ದೆ ಆಗುತ್ತೆ."

ಗ್ಲೆನಿಸ್‌ಳ ಕೂಗು ಇಡೀ ವಾರ್ಡಿಗೆ ಕೇಳಿಸಿತು. ಟಾನ್ಯಾ ಒಂದು ಕಡೆ, ತಂಗಿ ಒಂದು ಕಡೆ, ನಡುವೆ ಆರ್ಡೆತ್ ಎಡಪಾದವನ್ನು ನೆಲದ ಮೇಲೆ ಎಳೆಯುತ್ತ, ಬರುತ್ತಿದ್ದುದನ್ನು ತಡೆಹಿಡಿದುಕೊಂಡು ಶೌಚಾಲಯದ ಬಾಗಿಲಿನ ಕಡೆ ನಡೆದಳು.